ಮೆಮೊ ಬಂದಿದೆ, ರಾಜೀನಾಮೆ ಬೇಡ: ಮಾಜಿ ಸೈನಿಕರ ಮನಸ್ಸಿನ ಕಾಯಿಲೆ ಮತ್ತು ಕೆಲಸದ ಹಕ್ಕು

ಪ್ರಶ್ನೆ: ನಮ್ಮ ಮನೆಯವರು 18 ವರ್ಷ ಮಿಲಿಟ್ರಿಯಲ್ಲಿದ್ದರು. ಎರಡು ಸಲ ರಾಷ್ಟ್ರೀಯ ರೈಫಲ್ಸ್ ಜೊತೆ ಕಾಶ್ಮೀರದಲ್ಲಿ ಡ್ಯೂಟಿ ಮಾಡಿದ್ದಾರೆ. ನಾಯಕ್ ಆಗಿ ಪೆನ್ಷನ್ ಮೇಲೆ ಬಂದ ನಂತರ ಒಂದು ಸರ್ಕಾರಿ ಬ್ಯಾಂಕಿನಲ್ಲಿ ಗನ್‌ಮ್ಯಾನ್ ಕೆಲಸ ಸಿಕ್ಕಿತು. ನಾಲ್ಕು ವರ್ಷ ಆಯಿತು. ಒಂದೂವರೆ ವರ್ಷದಿಂದ ರಾತ್ರಿ ನಿದ್ದೆ ಇಲ್ಲ. ಬೆಚ್ಚಿ ಎದ್ದು ಬಾಗಿಲ ಚಿಲಕ ನೋಡುತ್ತಾರೆ. ಇಸಿಎಚ್‌ಎಸ್‌ನಿಂದ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಳಿಸಿದ ಡಾಕ್ಟರ್ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಬರುವ ಮನಸ್ಸಿನ ಕಾಯಿಲೆ ಅಂದಿದ್ದಾರೆ. ಬ್ಯಾಂಕಿಗೆ ಹೇಳಿಲ್ಲ. ಹೋದ ತಿಂಗಳು ಬ್ಯಾಂಕಿನ ಎದುರು ಲಾರಿ ಟೈರ್ ಒಡೆದಾಗ ಇವರು ನೆಲಕ್ಕೆ ಬಿದ್ದು, ಎಬ್ಬಿಸಲು ಬಂದ ಕ್ಲರ್ಕ್ ಮೇಲೆ ಕೂಗಾಡಿದರಂತೆ. ಆಮೇಲೆ 11 ದಿನ ರಜೆ ಹಾಕದೆ ಮನೆಯಲ್ಲೇ ಉಳಿದರು. ಈಗ ಮೆಮೊ ಬಂದಿದೆ. 15 ದಿನದಲ್ಲಿ ಉತ್ತರ ಕೊಡಬೇಕು. "ಹುಚ್ಚ ಅಂತ ಬರೆಸಿಕೊಳ್ಳುವ ಬದಲು ರಾಜೀನಾಮೆ ಕೊಡುತ್ತೇನೆ" ಅನ್ನುತ್ತಾರೆ. ಮಕ್ಕಳಿಬ್ಬರೂ ಓದುತ್ತಿದ್ದಾರೆ. ನಾನೂ ಸರಿಯಾಗಿ ಮಲಗಿ ತಿಂಗಳುಗಳಾದವು. ಬ್ಯಾಂಕಿಗೆ ಹೇಳಬೇಕಾ? ಹೇಳಿದರೆ ಕೆಲಸ ಹೋಗುತ್ತಾ?
(ಧಾರವಾಡ ಜಿಲ್ಲೆಯ ಒಬ್ಬ ಓದುಗರು)

ಉತ್ತರ: ತಂಗಿ, ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲು ಗಡಿಬಿಡಿಯ ಮಾತು ಹೇಳಿಬಿಡುತ್ತೇನೆ. ರಾಜೀನಾಮೆ ಕೊಡಲು ಬಿಡಬೇಡಿ. ಮೆಮೊಗೆ ಉತ್ತರ ಕೊಡುವುದನ್ನು ತಪ್ಪಿಸಬೇಡಿ. ಬ್ಯಾಂಕಿಗೆ ಹೇಳಿ, ಆದರೆ ಬರವಣಿಗೆಯಲ್ಲಿ ಹೇಳಿ, ಬೇಕಾದಷ್ಟೇ ಹೇಳಿ.

ಇಷ್ಟು ಖಚಿತವಾಗಿ ಯಾಕೆ ಹೇಳುತ್ತಿದ್ದೇನೆ ಅಂದರೆ, ಇದರ ಉಲ್ಟಾ ಆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಮನೋವೈದ್ಯಕೀಯ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆಯಾಗಿ ನನ್ನ ಕೆಲಸವೇ ರೋಗಿಯ ಮನೆ ಮತ್ತು ನೌಕರಿ ಎರಡೂ ಉಳಿಯುವಂತೆ ನೋಡಿಕೊಳ್ಳುವುದು. ಒಬ್ಬ ಮಾಜಿ ಹವಾಲ್ದಾರ್ ನಮ್ಮ ಬಳಿ ಬರುವ ಹಿಂದಿನ ದಿನ ರಾಜೀನಾಮೆ ಕೊಟ್ಟು ಬಂದಿದ್ದರು. ಅವರದೂ ಸರ್ಕಾರಿ ಕೆಲಸವೇ. ಒಂದು ದಿನ ಮುಂಚೆ ಬಂದಿದ್ದರೆ ಕಾನೂನು ಅವರ ಬೆನ್ನಿಗಿತ್ತು. ಕೆಲಸದಿಂದ ತೆಗೆಯುವುದನ್ನು ಕಾನೂನು ತಡೆಯುತ್ತದೆ. ತಾವಾಗಿ ಬಿಟ್ಟು ಹೋದವರನ್ನು ಅದು ಹಿಡಿದು ನಿಲ್ಲಿಸುವುದಿಲ್ಲ. ಆ ಕುಟುಂಬ ಆಮೇಲೆ ಪಟ್ಟ ಪಾಡು ನನಗೆ ಇನ್ನೂ ನೆನಪಿದೆ.

ನಿಮ್ಮ ಮನೆಯವರು ಯಾಕೆ ಮುಚ್ಚಿಡುತ್ತಾರೆ ಅನ್ನುವುದು ನನಗೆ ಗೊತ್ತು. ನನ್ನ ತಂದೆಯೂ ಫೌಜಿಯೇ. ಸೇನೆಯಲ್ಲಿ ಆರೋಗ್ಯ ಅಳೆಯುವ ಪದ್ಧತಿಗೆ 'ಶೇಪ್' ಅನ್ನುತ್ತಾರೆ, ಅಲ್ವಾ? ಅದರ ಮೊದಲ ಅಕ್ಷರ ಎಸ್. ಅದು ಮನಸ್ಸಿಗೆ ಸಂಬಂಧಿಸಿದ್ದು. ಆಮೇಲೆ ಕಿವಿ, ಕೈಕಾಲು, ದೇಹದ ಒಳಗಿನ ಆರೋಗ್ಯ, ಕಣ್ಣು. ಮಂಡಿ ನೋವು, ಕಿವಿ ಮಂದ ಅಂತ ಹೇಳಿಕೊಳ್ಳಲು ಯಾವ ಜವಾನನೂ ನಾಚುವುದಿಲ್ಲ. ಆದರೆ ಎಸ್‌ನಲ್ಲಿ ಕ್ಯಾಟಗರಿ ಬಿತ್ತು, ಅಂದರೆ ದರ್ಜೆ ಇಳಿಯಿತು ಅಂದರೆ ಪ್ರಮೋಷನ್ ಹೋಯಿತು, ಕೋರ್ಸ್ ಹೋಯಿತು, ಪಲ್ಟನ್‌ನಲ್ಲಿ ಮುಖ ಹೋಯಿತು ಅನ್ನುವ ಭಯ. 18 ವರ್ಷ ಆ ಭಯದಲ್ಲಿ ಬದುಕಿದವರು ಒಂದೇ ಸಲ ಬಾಯಿ ಬಿಡುತ್ತಾರೆಯೇ? ಆ ಅಭ್ಯಾಸ ಅಲ್ಲಿ ಅವರನ್ನು ಕಾಪಾಡಿರಬಹುದು. ಇಲ್ಲಿ ಅದೇ ಅವರ ಕೆಲಸಕ್ಕೆ ಮುಳುವಾಗುತ್ತಿದೆ. ಯಾಕೆಂದರೆ ಈಗ ಬ್ಯಾಂಕಿನ ಫೈಲಿನಲ್ಲಿ ಇರುವುದು ಎರಡೇ ಮಾತು: ಗೈರುಹಾಜರಿ, ಅಶಿಸ್ತು. ಕಾಯಿಲೆ ಅನ್ನುವ ಮೂರನೇ ಮಾತು ಆ ಫೈಲಿಗೆ ಇನ್ನೂ ಹೋಗಿಯೇ ಇಲ್ಲ.

ಲಾರಿ ಟೈರ್ ಒಡೆದಾಗ ಅವರು ನೆಲಕ್ಕೆ ಬಿದ್ದದ್ದನ್ನು ಮಕ್ಕಳಿಗೂ ಬಿಡಿಸಿ ಹೇಳಿ. ಅದು ಹುಚ್ಚಲ್ಲ, ಹೇಡಿತನವೂ ಅಲ್ಲ. ಢಂ ಅಂದ ಕೂಡಲೇ ಯೋಚನೆ ಮಾಡದೆ ನೆಲ ಹಿಡಿ ಅಂತ ಅವರ ಮೈಗೆ ವರ್ಷಗಟ್ಟಲೆ ಕಲಿಸಿದ್ದಾರೆ. ಕಣಿವೆಯಲ್ಲಿ ಆ ಪಾಠದಿಂದ ಜೀವ ಉಳಿದಿದೆ. ಆ ಅಪಾಯ ಮುಗಿಯಿತು ಅನ್ನುವ ಸುದ್ದಿ ಮೈಗೆ ಇನ್ನೂ ಮುಟ್ಟಿಲ್ಲ, ಅಷ್ಟೇ. ಪಿಟಿಎಸ್‌ಡಿ ಅನ್ನುವ ಹೆಸರು ವೈದ್ಯಕೀಯ ಪುಸ್ತಕಕ್ಕೆ ಬಂದದ್ದು 1980ರಲ್ಲಿ. ಆದರೆ ಮೊದಲ ಮಹಾಯುದ್ಧದ ಕಾಲದಲ್ಲೇ ಡಾಕ್ಟರುಗಳು ಇದನ್ನು ಕಂಡಿದ್ದರು. ಆಗ 'ಶೆಲ್ ಶಾಕ್' ಅನ್ನುತ್ತಿದ್ದರು. ಕೆಲವರಲ್ಲಿ ಇದು ಕೂಡಲೇ ಕಾಣಿಸುವುದಿಲ್ಲ. ತಿಂಗಳುಗಳ ನಂತರ, ವರ್ಷಗಳ ನಂತರವೂ ತಲೆ ಎತ್ತಬಹುದು. ಈ ಮಾತು ಸ್ವಲ್ಪ ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಕಾನೂನಿಗೆ ಬರೋಣ. ನಿಮಗೆ ಬೇಕಾದದ್ದು ವಿಕಲಚೇತನರ ಹಕ್ಕುಗಳ ಕಾಯ್ದೆ, 2016. 'ವಿಕಲಚೇತನ' ಅಂದ ಕೂಡಲೇ ಗಾಲಿಕುರ್ಚಿ ಕಣ್ಣ ಮುಂದೆ ಬರುತ್ತದೆ, ಹೌದು. ಆದರೆ ಆ ಕಾಯ್ದೆಯ ಪಟ್ಟಿಯಲ್ಲಿರುವ 21 ಬಗೆಯ ತೊಂದರೆಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಅದರ 20ನೇ ಕಲಂ ಸರ್ಕಾರಿ ಸಂಸ್ಥೆಗಳ ನೌಕರರಿಗೆ ಸಂಬಂಧಿಸಿದ್ದು. ಸರ್ಕಾರಿ ಬ್ಯಾಂಕುಗಳೂ ಅದರಲ್ಲಿ ಬರುತ್ತವೆ. ಆ ಕಲಂ ಹೇಳುವುದು ಇಷ್ಟು: ಈ ಕಾರಣಕ್ಕೆ ಕೆಲಸದಲ್ಲಿ ತಾರತಮ್ಯ ಮಾಡಬಾರದು. ಈ ಒಂದೇ ಕಾರಣಕ್ಕೆ ಬಡ್ತಿ ತಪ್ಪಿಸಬಾರದು. ನೌಕರನ ತೊಂದರೆಗೆ ತಕ್ಕ ಹಾಗೆ ಕೆಲಸದ ಜಾಗದಲ್ಲಿ ಬದಲಾವಣೆ ಮಾಡಿಕೊಡಬೇಕು. ಇದನ್ನು ವಕೀಲರು 'ರೀಸನಬಲ್ ಅಕಾಮಡೇಶನ್' ಅನ್ನುತ್ತಾರೆ. ನಾವು ಸೂಕ್ತ ಹೊಂದಾಣಿಕೆ ಅನ್ನೋಣ.

ನಿಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದರ ನಾಲ್ಕನೇ ಉಪಕಲಂ. ಸೇವೆಯಲ್ಲಿ ಇರುವಾಗ ಈ ತೊಂದರೆ ಬಂದರೆ ನೌಕರನನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ, ಕೆಳಗಿನ ಹುದ್ದೆಗೆ ಇಳಿಸುವ ಹಾಗಿಲ್ಲ. ಈಗಿನ ಕೆಲಸ ಆಗದಿದ್ದರೆ ಅದೇ ಸಂಬಳ, ಅದೇ ಸೌಲಭ್ಯ ಇರುವ ಬೇರೆ ಕೆಲಸಕ್ಕೆ ಹಾಕಬೇಕು. ಅಂಥ ಜಾಗ ಖಾಲಿ ಇಲ್ಲದಿದ್ದರೆ ಅವರಿಗಾಗಿಯೇ ಹೆಚ್ಚುವರಿ ಹುದ್ದೆ ಇಟ್ಟು, ಸರಿಯಾದ ಜಾಗ ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಅದರಲ್ಲಿ ಇಟ್ಟುಕೊಳ್ಳಬೇಕು.

ಇಲ್ಲಿ ಬ್ಯಾಂಕ್ ಒಂದು ಮಾತು ಎತ್ತಬಹುದು. "ಈ ಕಾಯಿಲೆ ಮಿಲಿಟ್ರಿಯಲ್ಲಿ ಬಂದದ್ದು, ನಮ್ಮ ಸೇವೆಯಲ್ಲಿ ಬಂದದ್ದಲ್ಲ" ಅನ್ನಬಹುದು. ಅದಕ್ಕೆ ಈಗಲೇ ತಯಾರಾಗಿ. ಬ್ಯಾಂಕ್ ಸೇರುವಾಗ ಕೊಟ್ಟ ಫಿಟ್‌ನೆಸ್ ಸರ್ಟಿಫಿಕೇಟ್ ಹುಡುಕಿ ಇಟ್ಟುಕೊಳ್ಳಿ. ಮಿಲಿಟ್ರಿಯಿಂದ ಬರುವಾಗಿನ ರಿಲೀಸ್ ಮೆಡಿಕಲ್ ಬೋರ್ಡಿನ ಕಾಗದವನ್ನೂ ತೆಗೆದಿಡಿ. ನೀವೇ ಬರೆದ ಹಾಗೆ ನಿದ್ದೆ ಕೆಟ್ಟದ್ದು ಒಂದೂವರೆ ವರ್ಷದಿಂದ, ಅಂದರೆ ಬ್ಯಾಂಕ್ ಸೇರಿ ಎರಡೂವರೆ ವರ್ಷದ ಮೇಲೆ. ಬೀಜ ಅಲ್ಲಿ ಬಿದ್ದಿರಬಹುದು, ಕಾಯಿಲೆಯಾಗಿ ಕಾಣಿಸಿಕೊಂಡದ್ದು ಇಲ್ಲಿ. ಇದನ್ನು ಡಾಕ್ಟರಿಂದ ಬರೆಸಿಕೊಳ್ಳಿ. ಒಂದು ವೇಳೆ ಈ ವಾದದಲ್ಲಿ ಹಿಂದೆ ಬಿದ್ದರೂ ತಾರತಮ್ಯ ಮಾಡಬಾರದು, ಹೊಂದಾಣಿಕೆ ಮಾಡಿಕೊಡಬೇಕು ಅನ್ನುವ ಉಳಿದ ಭಾಗಗಳು ಇದ್ದೇ ಇರುತ್ತವೆ. ಅವಕ್ಕೆ ಕಾಯಿಲೆ ಯಾವಾಗ ಬಂತು ಅನ್ನುವ ಲೆಕ್ಕ ಇಲ್ಲ.

ಒಂದು ವಿಷಯ ನಿಮ್ಮ ಮನೆಯವರಿಗೆ ಹೇಳಲೇಬೇಕು. ಸಮವಸ್ತ್ರದಲ್ಲಿ ಇದ್ದಾಗ ಈ 20ನೇ ಕಲಂ ಅವರ ನೆರವಿಗೆ ಬರುತ್ತಿರಲಿಲ್ಲ. ಸೇನೆಯ ಯುದ್ಧಪಡೆಯ ಹುದ್ದೆಗಳನ್ನು ಕೇಂದ್ರ ಸರ್ಕಾರ 2021ರಲ್ಲಿ ಅದರಿಂದ ಹೊರಗಿಟ್ಟಿದೆ. ಅವರ ಭಯಕ್ಕೆ ಅಲ್ಲಿ ಅರ್ಥ ಇತ್ತು. ಆದರೆ ಈಗ ಅವರು ಬ್ಯಾಂಕ್ ನೌಕರರು. ಆ ವಿನಾಯಿತಿ ಬ್ಯಾಂಕಿಗೆ ಇಲ್ಲ. ಪಲ್ಟನ್‌ನ ಕಾಯ್ದೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬ್ಯಾಂಕಿನ ಮೆಮೊಗೆ ಹೆದರಬೇಕಾಗಿಲ್ಲ.

ಇನ್ನು ಅವರ ಕೇಸಿಗೆ ತುಂಬಾ ಹತ್ತಿರ ಬರುವ ಒಂದು ತೀರ್ಪು ಇದೆ. ರವೀಂದರ್ ಕುಮಾರ್ ಧಾರಿವಾಲ್ ಎಂಬ ಸಿಆರ್‌ಪಿಎಫ್ ಅಧಿಕಾರಿಯದು. ಅವರಿಗೆ ಗೀಳು ಕಾಯಿಲೆ ಮತ್ತು ತೀವ್ರ ಖಿನ್ನತೆ ಇತ್ತು. ನಡವಳಿಕೆಯ ಬಗ್ಗೆ ಅವರ ಮೇಲೆ ಇಲಾಖಾ ವಿಚಾರಣೆ ಶುರುವಾಯಿತು. ಕೇಸು ಸುಪ್ರೀಂ ಕೋರ್ಟಿನ ತನಕ ಹೋಯಿತು. 2021ರ ಡಿಸೆಂಬರ್‌ನಲ್ಲಿ ಕೋರ್ಟ್ ಆ ವಿಚಾರಣೆಯನ್ನೇ ರದ್ದು ಮಾಡಿತು. ಕೋರ್ಟ್ ಹೇಳಿದ ಮಾತಿನ ಸಾರ ಹೀಗಿದೆ. ಮನಸ್ಸಿನ ಕಾಯಿಲೆ ಇರುವವರು ಎಲ್ಲರ ಹಾಗೆ ಕೆಲಸದ ಜಾಗದ ಶಿಸ್ತಿಗೆ ಹೊಂದಿಕೊಳ್ಳುವುದು ಕಷ್ಟ. ಹಾಗಾಗಿ ಅವರ ಮೇಲೆ ಶಿಸ್ತುಕ್ರಮ ಆಗುವ ಸಂಭವವೂ ಜಾಸ್ತಿ. ಇದೂ ಒಂದು ಬಗೆಯ ತಾರತಮ್ಯವೇ. ಆದ ತಪ್ಪಿಗೆ ಕಾಯಿಲೆಯೇ ಪೂರ್ತಿ ಕಾರಣ ಅಂತ ತೋರಿಸಬೇಕಾಗಿಲ್ಲ, ಅದು ಕಾರಣಗಳಲ್ಲಿ ಒಂದು ಅಂತ ತೋರಿಸಿದರೆ ಸಾಕು. ನಿಮ್ಮ ಮನೆಯವರ ಮೆಮೊದಲ್ಲಿರುವ ಎರಡೂ ಆರೋಪಗಳನ್ನು ಈ ಬೆಳಕಿನಲ್ಲಿ ಓದಿ ನೋಡಿ.

ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಅದನ್ನು ನಾನು ಮುಚ್ಚಿಡುವುದಿಲ್ಲ. ಬೇರೆ ಹುದ್ದೆಗೆ ಹಾಕುವಾಗ ಅಲ್ಲಿ ಬಂದೂಕು ಅಥವಾ ಅಪಾಯ ತರುವ ಸಾಮಾನು ಅವರ ಕೈಗೆ ಬರದ ಹಾಗೆ ನೋಡಿಕೊಳ್ಳುವ ಸ್ವಾತಂತ್ರ್ಯ ಮೇಲಧಿಕಾರಿಗಳಿಗೆ ಇದೆ ಎಂದು ಕೋರ್ಟ್ ಹೇಳಿತು. ಸಂಬಳ ಮತ್ತು ಸೇವಾ ಷರತ್ತುಗಳಿಗೆ ಮಾತ್ರ ಕೈ ಹಾಕುವ ಹಾಗಿಲ್ಲ. ಅಂದರೆ ನಿಮ್ಮ ಮನೆಯವರ ಬಂದೂಕಿನ ಡ್ಯೂಟಿಯನ್ನು ಬ್ಯಾಂಕ್ ತೆಗೆಯಬಹುದು. ಸದ್ಯಕ್ಕೆ ತೆಗೆಯುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಬ್ಯಾಂಕ್ ಹೇಳುವ ಮೊದಲು ನೀವೇ ಅದನ್ನು ಕೇಳಿಕೊಳ್ಳಿ.

ಈ ಮಾತು ಅವರಿಗೆ ಎಷ್ಟು ಚುಚ್ಚುತ್ತದೆ ಅಂತ ನನಗೆ ಗೊತ್ತು. ಫೌಜಿಯ ಕೈಯಿಂದ ಹತ್ಯಾರ್ ತೆಗೆದುಕೊಂಡರೆ ಮಾನ ತೆಗೆದುಕೊಂಡ ಹಾಗೆ ಅನಿಸುತ್ತದೆ. "ನಿನ್ನೆ ತನಕ ಬಾಗಿಲಲ್ಲಿ ನಿಂತವನು ಇವತ್ತು ಫೈಲ್ ಹೊರಬೇಕಾ?" ಅಂತ ಒಬ್ಬರು ನನ್ನೆದುರು ಅತ್ತಿದ್ದಾರೆ. ನಾನು ಅವರಿಗೆ ಒಂದೇ ಪ್ರಶ್ನೆ ಕೇಳಿದೆ. ಮಿಲಿಟ್ರಿಯಲ್ಲಿ ನಿಮ್ಮ ತುಕಡಿಯ ಒಬ್ಬ ಹುಡುಗನಿಗೆ ಮೂರು ರಾತ್ರಿ ನಿದ್ದೆ ಇಲ್ಲ, ಕೈ ನಡುಗುತ್ತಿದೆ. ಸಂತ್ರಿ (ಕಾವಲು) ಡ್ಯೂಟಿಗೆ ಅವನನ್ನು ನಿಲ್ಲಿಸುತ್ತಿದ್ದಿರಾ? ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲ, ಬೇರೆಯವರನ್ನು ಹಾಕಿ ಅವನನ್ನು ಮಲಗಿಸುತ್ತಿದ್ದೆ" ಅಂದರು. ಅವನು ಹೇಡಿ ಅಂತ ಬರೆಯುತ್ತಿದ್ದಿರಾ ಅಂತ ಕೇಳಿದೆ. ಇಲ್ಲ ಅಂದರು. ನಿಮ್ಮವರಿಗೂ ಅವರ ಭಾಷೆಯಲ್ಲೇ ಹೇಳಿ. ನನಗಿಂತ ಚೆನ್ನಾಗಿ ಹೇಳಬಲ್ಲವರು ಅವರದೇ ಪಲ್ಟನ್‌ನ ಒಬ್ಬ ಹಳೆಯ ಸುಬೇದಾರ್ ಸಾಹೇಬರು. ಅಂಥವರು ಊರ ಹತ್ತಿರ ಇದ್ದರೆ ಮನೆಗೆ ಕರೆಸಿ.

ಹಾಗೆಯೇ, ಮನೆಯಲ್ಲಿ ಅವರ ಸ್ವಂತ ಲೈಸೆನ್ಸಿನ ಬಂದೂಕು ಇದೆಯಾ? ಇದ್ದರೆ ಚಿಕಿತ್ಸೆ ಒಂದು ಹದಕ್ಕೆ ಬರುವ ತನಕ ಅದು ಮನೆಯಲ್ಲಿ ಇರಬಾರದು. ಎಲೆಕ್ಷನ್ ಬಂದಾಗ ಠಾಣೆಯಲ್ಲಿ ಜಮಾ ಮಾಡುತ್ತಾರಲ್ಲ, ಹಾಗೆ ಜಮಾ ಮಾಡಿ ರಸೀದಿ ತೆಗೆದುಕೊಳ್ಳಲಿ. ಅವರು ಬದುಕಿನ ಮೇಲೆ ಬೇಸರದ ಮಾತು ಆಡುತ್ತಿದ್ದರೆ, "ನಾನಿಲ್ಲದಿದ್ದರೆ ನೀವು ಚೆನ್ನಾಗಿರುತ್ತೀರಿ" ಅನ್ನುವಂಥ ಮಾತು ಬಂದರೆ, ಅದನ್ನು ಸಿಟ್ಟಿನ ಮಾತು ಅಂತ ಬಿಡಬೇಡಿ. ಅವತ್ತೇ ಡಾಕ್ಟರಿಗೆ ಹೇಳಿ. ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, ನಂಬರ್ 14416. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತನಾಡುತ್ತಾರೆ. ಸೇನೆಯವರಿಗಾಗಿಯೇ ಅದರ ಒಂದು ಘಟಕ 2023ರ ಡಿಸೆಂಬರ್‌ನಿಂದ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿದೆ. ಹೆಸರು ಹೇಳದೆಯೂ ಮಾತನಾಡಬಹುದು. ನಿಮ್ಮವರಿಗೆ ಮುಖ ತೋರಿಸಿ ಮಾತನಾಡುವುದಕ್ಕಿಂತ ಇದು ಸುಲಭ ಅನಿಸಬಹುದು.

ಈಗ ಡಾಕ್ಟರ್ ಕೊಡುವ ಕಾಗದ. ಇದರಲ್ಲೇ ಹೆಚ್ಚಿನವರು ಎಡವುತ್ತಾರೆ. ಒಂದೋ ಏನೂ ಕೊಡುವುದಿಲ್ಲ, ಇಲ್ಲವೇ ಆಸ್ಪತ್ರೆಯ ಇಡೀ ಫೈಲನ್ನೇ ಜೆರಾಕ್ಸ್ ಮಾಡಿ ಕೊಟ್ಟುಬಿಡುತ್ತಾರೆ. ಎರಡೂ ಬೇಡ. ಯಾವ ಎನ್‌ಕೌಂಟರ್‌ನಲ್ಲಿ ಏನಾಯಿತು, ಯಾರು ಕಣ್ಣೆದುರು ತೀರಿಕೊಂಡರು, ಕನಸಿನಲ್ಲಿ ಏನು ಬರುತ್ತದೆ ಅನ್ನುವುದು ಅವರಿಗೂ ಡಾಕ್ಟರಿಗೂ ಮಾತ್ರ ಸೇರಿದ್ದು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರಲ್ಲಿ ಈ ಗೋಪ್ಯತೆ ರೋಗಿಯ ಹಕ್ಕು. ಬ್ಯಾಂಕಿನವರು ಫೋನ್ ಮಾಡಿ ಕೇಳಿದರೆ ಡಾಕ್ಟರ್ ಸುಮ್ನೆ ಹೇಳಿಬಿಡುವ ಹಾಗಿಲ್ಲ. ಯಾರ ಜೀವಕ್ಕಾದರೂ ಅಪಾಯ ಇದ್ದರೆ ಅದನ್ನು ತಡೆಯಲು ಬೇಕಾದಷ್ಟು ಹೇಳಬಹುದು, ಅಂಥ ಕೆಲವೇ ವಿನಾಯಿತಿಗಳಿವೆ. ಅದೇ ಕಾಯ್ದೆಯಲ್ಲಿ ಇನ್ನೊಂದು ಸಾಲಿದೆ. 'ಹುಚ್ಚ ಅಂತ ಬರೆಸಿಕೊಳ್ಳುವುದು' ಅಂತ ಹೆದರುವವರಿಗೆ ಅದನ್ನು ತಪ್ಪದೆ ಓದಿ ಹೇಳುತ್ತೇನೆ: ಮಾನಸಿಕ ಕಾಯಿಲೆ ಇದೆ ಅಂದ ಮಾತ್ರಕ್ಕೆ ಆ ವ್ಯಕ್ತಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ತಿಳಿಯುವಂತಿಲ್ಲ, ಅದನ್ನು ಕೋರ್ಟ್ ಮಾತ್ರ ಹೇಳಬೇಕು.

ಡಾಕ್ಟರ್ ಬಳಿ ಹೋಗುವಾಗ ಮೆಮೊದ ಜೆರಾಕ್ಸ್ ತೆಗೆದುಕೊಂಡು ಹೋಗಿ. ಅದನ್ನು ಓದಿದರೆ ಅವರಿಗೂ ಏನು ಬರೆಯಬೇಕು ಅಂತ ತಿಳಿಯುತ್ತದೆ. ಅವರ ಕಾಗದದಲ್ಲಿ ಕಾಯಿಲೆಯ ಹೆಸರು, ಎಷ್ಟು ದಿನದಿಂದ ಚಿಕಿತ್ಸೆ, ಆ ದಿನದ ಘಟನೆಗೂ 11 ದಿನದ ಗೈರಿಗೂ ಕಾಯಿಲೆಯ ನಂಟು, ಮುಂದೆ ಕೆಲಸದಲ್ಲಿ ಏನು ಬದಲಾಗಬೇಕು, ಎಷ್ಟು ಕಾಲ, ಇಷ್ಟಿದ್ದರೆ ಸಾಕು. ಕೊನೆಯ ಎರಡು ಎಲ್ಲಕ್ಕಿಂತ ಮುಖ್ಯ. "ರೆಸ್ಟ್ ಬೇಕು" ಅಂತ ಒಂದು ಸಾಲು ಬರೆದ ಸರ್ಟಿಫಿಕೇಟ್ ಯಾರಿಗೂ ಉಪಯೋಗ ಆಗುವುದಿಲ್ಲ.

ಏನು ಬದಲಾವಣೆ ಕೇಳಬಹುದು? ಮ್ಯಾನೇಜರಿಗೆ "ಸ್ವಲ್ಪ ನೋಡಿಕೊಳ್ಳಿ ಸಾರ್" ಅಂದರೆ ಅವರಿಗೂ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ಹೆಸರಿಟ್ಟು ಕೇಳಬೇಕು. ರಾತ್ರಿ ಪಾಳಿ ಬೇಡ, ಹಗಲಿನ ಒಂದೇ ಪಾಳಿ ಸಾಕು. ಕ್ಯಾಷ್ ವ್ಯಾನಿನ ಡ್ಯೂಟಿ ಬೇಡ. ಆರು ತಿಂಗಳು ಆಯುಧ ಇಲ್ಲದ ಕೆಲಸ ಕೊಡಿ, ಆಮೇಲೆ ಡಾಕ್ಟರ್ ಹೇಳಿದ ಹಾಗೆ ಮರುಪರಿಶೀಲನೆ ಮಾಡಿ. ಕೂರುವ ಜಾಗ ಬೆನ್ನಿಗೆ ಗೋಡೆ ಇರುವ ಹಾಗೆ, ಬಾಗಿಲು ಕಣ್ಣಿಗೆ ಕಾಣುವ ಹಾಗೆ ಇರಲಿ. ಇದು ಸಣ್ಣ ವಿಷಯ ಅನಿಸಬಹುದು, ಆದರೆ ಇಂಥ ರೋಗಿಗಳಿಗೆ ಇಷ್ಟರಿಂದಲೇ ಅರ್ಧ ದಣಿವು ಇಳಿಯುವುದನ್ನು ನೋಡಿದ್ದೇನೆ. ಜನರೇಟರ್ ಟೆಸ್ಟ್, ಅಲಾರಂ ಟೆಸ್ಟ್ ಇದ್ದರೆ ಮುಂಚೆ ತಿಳಿಸಲಿ. ಹಿಂದಿನಿಂದ ಬಂದು ಹೆಗಲು ಮುಟ್ಟಬೇಡಿ ಅಂತ ಸಹೋದ್ಯೋಗಿಗಳಿಗೆ ಹೇಳಲಿ. ವಾರಕ್ಕೊಮ್ಮೆ ಚಿಕಿತ್ಸೆಗೆ ಹೋಗಲು ಅರ್ಧ ದಿನ ಬಿಡುವು ಬೇಕು. ದೀಪಾವಳಿಯ ವಾರ, ಊರಿನ ಗಣಪತಿ ಕಳಿಸುವ ದಿನ ರಜೆಯನ್ನು ಮೊದಲೇ ಮಂಜೂರು ಮಾಡಲಿ. ಪಟಾಕಿಯ ಸದ್ದು ಅವರಿಗೆ ಏನು ಮಾಡುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಚಿಕಿತ್ಸೆ ಮುಗಿಯುವ ತನಕ ದೂರದ ಊರಿಗೆ ವರ್ಗ ಮಾಡಬೇಡಿ ಅಂತಲೂ ಬರೆಯಿರಿ. ಇದರಲ್ಲಿ ಯಾವುದಕ್ಕೂ ಬ್ಯಾಂಕಿಗೆ ದೊಡ್ಡ ಖರ್ಚಿಲ್ಲ.

ಮೆಮೊದ ಉತ್ತರ ಹೀಗಿರಬಹುದು:

"ಮಾನ್ಯರೇ, ಇಂಥ ದಿನಾಂಕದ ನಿಮ್ಮ ಮೆಮೊಗೆ ಇದು ನನ್ನ ಉತ್ತರ. ನಾನು ಭೂಸೇನೆಯಲ್ಲಿ 18 ವರ್ಷ ಸೇವೆ ಸಲ್ಲಿಸಿದ ಮಾಜಿ ಸೈನಿಕ. ನನಗೆ ಪಿಟಿಎಸ್‌ಡಿ ಇದೆ ಎಂದು ಮನೋವೈದ್ಯರು ಗುರುತಿಸಿದ್ದು, ಚಿಕಿತ್ಸೆ ನಡೆಯುತ್ತಿದೆ. ವೈದ್ಯರ ಪ್ರಮಾಣಪತ್ರ ಲಗತ್ತಿಸಿದ್ದೇನೆ. ಮೆಮೊದಲ್ಲಿರುವ ಘಟನೆ ಮತ್ತು ಗೈರುಹಾಜರಿಗೂ ಈ ಕಾಯಿಲೆಗೂ ಸಂಬಂಧ ಇರುವುದನ್ನು ವೈದ್ಯರು ಅದರಲ್ಲಿ ತಿಳಿಸಿದ್ದಾರೆ. ಸಹೋದ್ಯೋಗಿಗೆ ಆದ ನೋವಿಗೆ ನನಗೆ ಬೇಸರವಿದೆ. ಆ 11 ದಿನಗಳನ್ನು ವೈದ್ಯಕೀಯ ರಜೆ ಎಂದು ಪರಿಗಣಿಸಬೇಕು. ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ ಕಲಂ 20ರ ಪ್ರಕಾರ ವೈದ್ಯರು ಸೂಚಿಸಿದ ಹೊಂದಾಣಿಕೆಗಳನ್ನು ಮಾಡಿಕೊಡಬೇಕು. ಈ ಮನವಿ ತೀರ್ಮಾನವಾಗುವ ತನಕ ಶಿಸ್ತುಕ್ರಮ ಮುಂದುವರಿಸಬಾರದು ಎಂದು ವಿನಂತಿ. ನನ್ನ ವೈದ್ಯಕೀಯ ಮಾಹಿತಿಯನ್ನು ಗೋಪ್ಯವಾಗಿಡಬೇಕು."

ಇದನ್ನು ಕೊಡುವ ಮುಂಚೆ ಯೂನಿಯನ್‌ನ ಒಬ್ಬ ಹಿರಿಯರಿಗೋ ವಕೀಲರಿಗೋ ತೋರಿಸಿ. ಒಂದು ಪದ ಹೆಚ್ಚು ಕಡಿಮೆಯಾಗಿ ಆರೋಪ ಒಪ್ಪಿಕೊಂಡ ಹಾಗೆ ಆಗಬಾರದು. ಬ್ಯಾಂಕ್ ಯೂನಿಯನ್ ಅಂದರೆ ಸಂಬಳದ ಹೋರಾಟಕ್ಕೆ ಮಾತ್ರ ಅಂತ ತಿಳಿಯಬೇಡಿ. ವಿಚಾರಣೆ ನಡೆದರೆ ಪಕ್ಕದಲ್ಲಿ ಕುಳಿತು ವಾದಿಸಲು ಯೂನಿಯನ್ ಪ್ರತಿನಿಧಿಗೆ ಅವಕಾಶ ಇದೆ. ಉತ್ತರದ ಒಂದು ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಸಿಗದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಡಾಕ್ಟರ್ ಕಾಗದ 15 ದಿನದ ಒಳಗೆ ಸಿಗುವುದಿಲ್ಲ ಅನಿಸಿದರೆ, ಚಿಕಿತ್ಸೆಯಲ್ಲಿದ್ದೇನೆ, ಇನ್ನೂ 15 ದಿನ ಸಮಯ ಕೊಡಿ ಅಂತ ಗಡುವಿಗೆ ಮುಂಚೆಯೇ ಒಂದು ಪತ್ರ ಕೊಡಿ.

ಬ್ಯಾಂಕ್ ಕಿವಿಗೆ ಹಾಕಿಕೊಳ್ಳದಿದ್ದರೆ ಏನು? ಪ್ರತಿ ಸರ್ಕಾರಿ ಸಂಸ್ಥೆಯಲ್ಲೂ ಈ ಕಾಯ್ದೆಯಡಿ ಒಬ್ಬ ಕುಂದುಕೊರತೆ ಅಧಿಕಾರಿ ಇರಬೇಕು. ದೂರು ನೋಂದಾಯಿಸಿ ಎರಡು ವಾರದಲ್ಲಿ ಅವರು ವಿಚಾರಣೆ ಮಾಡಬೇಕು. ಅಲ್ಲಿಯೂ ಆಗದಿದ್ದರೆ ಜಿಲ್ಲಾ ಮಟ್ಟದ ಸಮಿತಿ ಇದೆ. ನಿಮ್ಮದು ಕೇಂದ್ರಕ್ಕೆ ಸೇರಿದ ಬ್ಯಾಂಕ್ ಆದ್ದರಿಂದ ದೆಹಲಿಯ ವಿಕಲಚೇತನರ ಮುಖ್ಯ ಆಯುಕ್ತರಿಗೂ ಬರೆಯಬಹುದು. ಅವರು ಕೊಡುವುದು ಶಿಫಾರಸು. ಅದರ ಮೇಲೆ ಏನು ಮಾಡಿದೆವು ಅಂತ ಬ್ಯಾಂಕ್ 3 ತಿಂಗಳಲ್ಲಿ ತಿಳಿಸಬೇಕು. ಕೊನೆಗೆ ಹೈಕೋರ್ಟ್, ನಿಮಗೆ ಧಾರವಾಡದಲ್ಲೇ ಪೀಠ ಇದೆ. ಈ ದಾರಿಯೆಲ್ಲ ನಿಧಾನ, ಸವೆಸಲು ತಾಳ್ಮೆ ಬೇಕು. ಆದರೆ ಕಾಗದ ಗಟ್ಟಿಯಾಗಿದ್ದರೆ ಹೆಚ್ಚಿನ ಕೇಸುಗಳು ಅಷ್ಟು ದೂರ ಹೋಗುವುದಿಲ್ಲ, ಪ್ರಾದೇಶಿಕ ಕಚೇರಿಯ ಹಂತದಲ್ಲೇ ಸರಿಹೋಗುವುದನ್ನು ನೋಡಿದ್ದೇನೆ. ವಕೀಲರ ಫೀಸಿಗೆ ಹೆದರಬೇಡಿ. ಮಾನಸಿಕ ಕಾಯಿಲೆ ಅಥವಾ ಅಂಗವೈಕಲ್ಯ ಇರುವವರಿಗೆ ಉಚಿತ ಕಾನೂನು ನೆರವು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲೇ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೋರ್ಟ್ ಆವರಣದಲ್ಲೇ ಇರುತ್ತದೆ.

ಶೇಕಡಾವಾರು ಲೆಕ್ಕದ ಬಗ್ಗೆ ಜನ ನಿಮ್ಮನ್ನು ಹೆದರಿಸಬಹುದು. "40 ಪರ್ಸೆಂಟ್ ಇಲ್ಲದಿದ್ದರೆ ಏನೂ ಸಿಗಲ್ಲ" ಅನ್ನುತ್ತಾರೆ. ಅದು ಅರ್ಧ ಸತ್ಯ. ಮೀಸಲಾತಿಯಂಥ ಸವಲತ್ತುಗಳಿಗೆ 40 ಬೇಕು. ಆದರೆ 20ನೇ ಕಲಂ ಅಷ್ಟು ಇರಲೇಬೇಕು ಅನ್ನುವುದಿಲ್ಲ, ತೊಂದರೆ ದೀರ್ಘಕಾಲದ್ದು ಆಗಿದ್ದರೆ ಸಾಕು. ಸೂಕ್ತ ಹೊಂದಾಣಿಕೆಯ ಹಕ್ಕು 40ರ ಗೆರೆ ದಾಟಿದವರಿಗೆ ಮಾತ್ರ ಅಲ್ಲ ಅಂತ ಸುಪ್ರೀಂ ಕೋರ್ಟ್ 2021ರಲ್ಲಿ, ಯುಪಿಎಸ್‌ಸಿ ಪರೀಕ್ಷೆ ಬರೆಯುತ್ತಿದ್ದ ವಿಕಾಸ್ ಕುಮಾರ್ ಎಂಬವರ ಕೇಸಿನಲ್ಲಿ ಹೇಳಿದೆ. ಆದರೂ ಯುಡಿಐಡಿ (ಅಂಗವೈಕಲ್ಯದ ಗುರುತಿನ) ಕಾರ್ಡಿಗೆ ಅರ್ಜಿ ಹಾಕುವುದು ಒಳ್ಳೆಯದು. ಮಾನಸಿಕ ಕಾಯಿಲೆಗೆ 'ಐಡಿಯಾಸ್' ಅನ್ನುವ ಅಳತೆ ಬಳಸುತ್ತಾರೆ. ತನ್ನನ್ನು ತಾನು ನೋಡಿಕೊಳ್ಳುವುದು, ಜನರ ಜೊತೆ ಬೆರೆಯುವುದು, ಮಾತು ಮತ್ತು ತಿಳುವಳಿಕೆ, ಕೆಲಸ, ಈ ನಾಲ್ಕನ್ನು ನೋಡಿ, ಕಾಯಿಲೆ ಎಷ್ಟು ಕಾಲದಿಂದ ಇದೆ ಅನ್ನುವುದನ್ನೂ ಸೇರಿಸಿ ಅಂಕ ಕೊಡುತ್ತಾರೆ. ಅಲ್ಲಿಗೆ ಹೋದಾಗ ನಿಮ್ಮವರು ಎದೆಯುಬ್ಬಿಸಿ "ಐ ಆಮ್ ಫಿಟ್ ಸಾರ್" ಅನ್ನುತ್ತಾರೆ, ನನಗೆ ಗೊತ್ತು! ಜೊತೆಗೆ ನೀವು ಹೋಗಿ. ರಾತ್ರಿ ಏನಾಗುತ್ತದೆ ಅಂತ ಹೇಳಬಲ್ಲವರು ನೀವೊಬ್ಬರೇ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮಗೆ ಹತ್ತಿರ.

ಚಿಕಿತ್ಸೆಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅದು ನಿಮ್ಮ ಡಾಕ್ಟರ್ ಹೇಳಬೇಕಾದ್ದು. ಆದರೆ ಮಾತ್ರೆ ಒಂದೇ ಅಂತ ತಿಳಿಯಬೇಡಿ. ಆಘಾತದ ನೆನಪಿನ ಮೇಲೆಯೇ ಕೆಲಸ ಮಾಡುವ ಮಾತಿನ ಚಿಕಿತ್ಸೆಗಳಿವೆ, ಅವುಗಳಿಂದ ತುಂಬಾ ಜನ ಚೇತರಿಸಿಕೊಂಡಿದ್ದಾರೆ. ಅದು ಸಿಗುತ್ತದಾ ಅಂತ ಕೇಳಿ. ಇನ್ನೊಂದು, ಮಿಲಿಟ್ರಿ ಕ್ಯಾಂಟೀನ್ ರಮ್. ನಿದ್ದೆಗೆ ಅಂತ ಎರಡು ಪೆಗ್ ಕುಡಿಯುವ ಮಾಜಿ ಸೈನಿಕರು ಎಷ್ಟೋ ಜನ. ಅದರಿಂದ ನಿದ್ದೆ ಇನ್ನೂ ಕೆಡುತ್ತದೆ. ಬೆಳಿಗ್ಗೆ ಡ್ಯೂಟಿಯಲ್ಲಿ ಬಾಯಿ ವಾಸನೆ ಬಂದರೆ ಆ ಮೆಮೊ ಬೇರೆಯೇ ಆಗುತ್ತದೆ, ಅದಕ್ಕೆ ಉತ್ತರ ಬರೆಯುವುದು ಕಷ್ಟ. ಆದರೆ ದಿನಾ ಕುಡಿಯುವವರು ಒಮ್ಮೆಗೇ ನಿಲ್ಲಿಸುವುದೂ ಅಪಾಯ, ಡಾಕ್ಟರಿಗೆ ನಿಜ ಹೇಳಿ ನಿಲ್ಲಿಸಲಿ.

ನೀವು ಕೇಳದ ಒಂದು ವಿಷಯ ಹೇಳುತ್ತೇನೆ. ಈ ಕಾಯಿಲೆಗೆ ಸೇನೆಯ ಸೇವೆಯೇ ಕಾರಣ ಅಂತ ಆದರೆ ಅಂಗವೈಕಲ್ಯ ಪಿಂಚಣಿ ಕೇಳಲು ದಾರಿ ಇದೆ. ಬಿಟ್ಟು ಬಂದ ಮೇಲೆ ತಡವಾಗಿ ಕಾಣಿಸಿಕೊಂಡ ಕಾಯಿಲೆಗೂ ಕ್ಲೇಮ್ ಹಾಕುವ ಅವಕಾಶ ನಿಯಮಗಳಲ್ಲಿ ಬಂದಿದೆ, ಆದರೆ ಕಾಲಮಿತಿ ಇರುತ್ತದೆ. ಭರ್ತಿಯಾಗುವಾಗ ಕಾಯಿಲೆ ಇರಲಿಲ್ಲ ಅಂದರೆ ಆಮೇಲೆ ಬಂದದ್ದು ಸೇವೆಯಿಂದ ಬಂದದ್ದು ಅಂತಲೇ ತಿಳಿಯಬೇಕು, ಅಲ್ಲ ಅನ್ನುವವರು ಅದನ್ನು ತೋರಿಸಿಕೊಡಬೇಕು ಅಂತ ಸುಪ್ರೀಂ ಕೋರ್ಟ್ 2013ರ ಧರಮ್‌ವೀರ್ ಸಿಂಗ್ ಕೇಸಿನಲ್ಲಿ ಹೇಳಿತ್ತು. ನಿಯಮಗಳು 2023ರಲ್ಲಿ ಬದಲಾಗಿವೆ. ಹಾಗಾಗಿ ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಆದೇಶದ ಕಾಗದ) ಹಿಡಿದುಕೊಂಡು ಧಾರವಾಡದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ, ನಿಮ್ಮವರು ಬಿಟ್ಟು ಬಂದ ತಾರೀಖಿಗೆ ಯಾವ ನಿಯಮ ಅನ್ವಯ ಆಗುತ್ತದೆ ಅಂತ ಕೇಳಿ. ಬ್ಯಾಂಕಿನ ಸಂಬಳಕ್ಕೂ ಇದಕ್ಕೂ ಸಂಬಂಧ ಇಲ್ಲ, ಎರಡೂ ಒಟ್ಟಿಗೆ ಪಡೆಯಬಹುದು. ಆದರೆ ಇದನ್ನು ಮೆಮೊದ ಕೆಲಸ ಮುಗಿದ ಮೇಲೆ ಹಿಡಿಯಿರಿ. ಎರಡು ಕಡೆ ಓಡಾಡಿ ಗಡುವು ತಪ್ಪಬಾರದು.

ಇದನ್ನು ಓದುವ ಕೆಲವರು ಖಾಸಗಿ ಸೆಕ್ಯುರಿಟಿ ಏಜೆನ್ಸಿಯಲ್ಲಿ ಇರಬಹುದು. ಅವರಿಗೆ 20ನೇ ಕಲಂನ ಈ ರಕ್ಷಣೆ ಇಲ್ಲ, ಅದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಇದು ನ್ಯಾಯ ಅಂತ ನನಗೆ ಅನಿಸುವುದಿಲ್ಲ. ಪೆನ್ಷನ್ ಬಂದ ಸಾವಿರಾರು ಜವಾನರು ಇರುವುದು ಅಲ್ಲಿಯೇ. ಆದರೆ ಪ್ರತಿ ಖಾಸಗಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು ಅಂತ 21ನೇ ಕಲಂ ಹೇಳುತ್ತದೆ. ಆ ನೀತಿಯ ಪ್ರತಿ ಕೇಳಿ. ತಾರತಮ್ಯ ಆದರೆ ಬೆಂಗಳೂರಿನ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು.

ಮನೆಯ ಎರಡು ಮಾತು ಉಳಿದಿವೆ. ಅವರು ನಿದ್ದೆಯಲ್ಲಿ ಕೂಗಿದರೆ ಮೈ ಮುಟ್ಟಿ ಅಲುಗಾಡಿಸಬೇಡಿ. ಕಾಲಿನ ಕಡೆ ಸ್ವಲ್ಪ ದೂರ ನಿಂತು ಹೆಸರು ಹಿಡಿದೋ, ನೀವು ಕರೆಯುವ ಹಾಗೆಯೋ ಕರೆಯಿರಿ. ದೀಪ ಹಾಕಿ, ಮನೆಯಲ್ಲೇ ಇದ್ದೀರಿ ಅಂತ ಹೇಳಿ. ಮತ್ತೆ, ನೀವು ಮಲಗಿ ತಿಂಗಳುಗಳಾದವು ಅಂತ ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಈ ಸಲ ಡಾಕ್ಟರ್ ಹತ್ತಿರ ಹೋದಾಗ ಅವರದು ಮುಗಿದ ಮೇಲೆ ಎದ್ದು ಬರಬೇಡಿ. ನಿಮ್ಮ ನಿದ್ದೆಯ ವಿಷಯವನ್ನೂ ಹೇಳಿ. ಹೆಂಡತಿಗೂ ಇಸಿಎಚ್‌ಎಸ್ ಇದೆ. ಅವರ ಕಾರ್ಡಿನ ಜೊತೆ ನಿಮ್ಮ ಕಾರ್ಡನ್ನೂ ಚೀಲದಲ್ಲಿ ಇಟ್ಟುಕೊಂಡು ಹೋಗಿ.